ನೀರು ನಿಲ್ಲೋ ಕಡೆನೇ ಕಬ್ಬು ಮೊದ್ಲು ಬಾಡ್ತಿತ್ತು: ಮಂಡ್ಯದ ಒಂದು ಗದ್ದೆಯಲ್ಲಿ ಬೇರು ಬಗೆದು ನೋಡಿದ ಪ್ರಕರಣ

ಮಂಡ್ಯ ತಾಲೂಕಿನ ಒಂದು ಹಳ್ಳಿ, ವಿ.ಸಿ. ನಾಲೆ (ವಿಶ್ವೇಶ್ವರಯ್ಯ ನಾಲೆ) ಬಯಲು, ಅಲ್ಲಿ ನಮ್ಮ ದೊಡ್ಡಪ್ಪಂದು ಒಂದೂವರೆ ಎಕರೆ ಕಬ್ಬು. ತಳಿ ಕೋ 62175, ಎರಡನೇ ಕೂಳೆ, ಅಂದ್ರೆ ಕಡಿದ ಬುಡದಿಂದ ಮತ್ತೆ ಚಿಗುರಿದ ಎರಡನೇ ಬೆಳೆ. ಮೇಲಿನ ಅರ್ಧ ಕಣ್ಣಿಗೆ ಹಬ್ಬ ಅನ್ನೋ ಹಾಗೆ ಬಂದಿತ್ತು. ಕೆಳಗಿನ ಅರ್ಧ, ಅಂದ್ರೆ ಬಸಿನೀರು ಬಂದು ಸೇರೋ ಕಡೆ, ಗರಿ ಹಳದಿ, ಗೆಣ್ಣು ಗಿಡ್ಡ, ಒಂದು ಜೋರು ಮಳೆ ಗಾಳಿ ಬಂದ್ರೆ ಬುಡ ಸಮೇತ ಮಲಗ್ತಿತ್ತು. ಇಷ್ಟೇ ಆಗಿದ್ರೆ ನೀರು ಜಾಸ್ತಿ ಆಗಿದೆ ಬಿಡಿ ಅಂತ ಮುಗಿಸಬಹುದಿತ್ತು, ಆದ್ರೆ ನಾಲೆ ನೀರು ಕಟ್ಟು ಲೆಕ್ಕದಲ್ಲಿ (ಸರದಿ ಮೇಲೆ) ಬರೋದು ನಿಂತಾಗ ಮಧ್ಯಾಹ್ನದ ಹೊತ್ತಿಗೆ ಗರಿ ಸುರುಳಿ ಸುತ್ಕೊಳ್ತಿದ್ದದ್ದೂ ಮೊದ್ಲು ಇದೇ ಕೆಳಗಿನ ಭಾಗ. ನೀರು ನಿಲ್ಲೋ ಜಾಗ ಮೊದ್ಲು ಒಣಗುತ್ತೆ, ನೀರು ಬೇಗ ಇಳಿದು ಹೋಗೋ ಮೇಲಿನ ಜಾಗ ಇನ್ನೂ ಒಂದು ವಾರ ತಡ್ಕೊಳ್ಳುತ್ತೆ. ಈ ಒಂದು ವಿಚಿತ್ರಕ್ಕೆ ಉತ್ತರ ಸಿಗೋ ತನಕ ಏನೂ ಮಾಡೋದು ಬೇಡ ಅಂತ ನಾನು ಹಠ ಹಿಡಿದೆ.

ಊರಲ್ಲಿ ಅಷ್ಟೊತ್ತಿಗೆ ತೀರ್ಪು ಆಗೋಗಿತ್ತು. ಔಷಧಿ ಅಂಗಡಿಯವರು ಗೊಣ್ಣೆ ಹುಳು ಅಂದ್ರು, ಬುಡಕ್ಕೆ ಔಷಧಿ ಸುರೀರಿ ಅಂತ ಬಾಟ್ಲು ತೆಗೆದಿಟ್ಟಿದ್ರು. ಪಕ್ಕದ ಗದ್ದೆಯಣ್ಣ ಜಿಂಕ್ ಕಡಿಮೆ ಅಂದ್ರು. ಇನ್ನೊಬ್ರು ಈ ತಳಿ ಸಾಕಾಗಿದೆ, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮ್‌ದು ವಿಸಿಎಫ್ 0517 ತಳಿ ಹಾಕಿ ಅಂದ್ರು. ಯಾವ ಮಾತೂ ದಡ್ಡ ಮಾತಲ್ಲ. ಗೊಣ್ಣೆ ಹುಳು ಬೇರು ತಿಂದ್ರೆ ಗರಿ ಹಳದಿ ಆಗುತ್ತೆ, ಬುಡ ಸಡಿಲ ಆಗಿ ಕಬ್ಬು ಮಲಗುತ್ತೆ, ಅದೂ ನಿಜ. ಪೋಷಕಾಂಶ ಕಡಿಮೆ ಆದ್ರೂ ಹಳದಿನೇ. ನೀರು ನಿಂತು ಬೇರು ಕೊಳೆತ್ರೂ ಹಳದಿನೇ. ಗರಿ ನೋಡಿ ಇವು ಮೂರನ್ನೂ ಬೇರೆ ಮಾಡೋಕೆ ಆಗಲ್ಲ, ಬೇರು ನೋಡಿದ್ರೆ ಮಾತ್ರ ಆಗುತ್ತೆ. ನಮ್ಮ ಕಡೆ ನೂರು ಜನ ಗರಿ ನೋಡ್ತಾರೆ, ಒಬ್ರೂ ಗುಂಡಿ ತೋಡಲ್ಲ, ಇದು ನನಗೆ ಬಹಳ ದಿನದಿಂದ ಇರೋ ಸಂಕಟ, ಅದ್ಕೇ ಈ ಪ್ರಕರಣ ಪೂರ್ತಿ ಬರೀತಿದೀನಿ.

ಮೊದಲ್ನೇ ಕೆಲಸ ಸನಿಕೆದು. ಒಳ್ಳೆ ಕಡೆಯಿಂದ ಕೆಲವು ಬುಡ, ಕೆಟ್ಟ ಕಡೆಯಿಂದ ಅಷ್ಟೇ ಬುಡ, ಕಬ್ಬು ಕತ್ತರಿಸಿ ಬುಡದ ಸುತ್ತ ಒಂದು ಅಡಿ ದೂರ ಬಿಟ್ಟು ನಾಲ್ಕೂ ಕಡೆ ಅಗೆದು ಮಣ್ಣಿನ ಗಡ್ಡೆ ಸಮೇತ ಎತ್ತಿದ್ವಿ. ಕೈಲಿ ಎಳೆದು ಕೀಳಬಾರದು, ಎಳೆದ್ರೆ ಸಣ್ಣ ಬೇರೆಲ್ಲ ಮಣ್ಣಲ್ಲೇ ಉಳಿದು ದಪ್ಪ ಬೇರು ಮಾತ್ರ ಕೈಗೆ ಬರುತ್ತೆ, ಆಮೇಲೆ ಬೇರೇ ಇಲ್ಲ ಅಂತ ತೀರ್ಮಾನ ಮಾಡ್ಬಿಡ್ತೀವಿ. ಪಂಪ್‌ಸೆಟ್ ತೊಟ್ಟಿಲಿ ರಾತ್ರಿಯಿಡೀ ನೆನೆಹಾಕಿ ಬೆಳಿಗ್ಗೆ ಸಣ್ಣ ಪೈಪ್ ನೀರಲ್ಲಿ ಮೆತ್ತಗೆ ತೊಳೆದ್ವಿ. ಇದೇ ಪದ್ಧತೀನ ಅಮೆರಿಕಾದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಜೊನಾಥನ್ ಲಿಂಚ್ ಅವರ ತಂಡ ಮುಸುಕಿನ ಜೋಳಕ್ಕೆ ಬಳಸಿ, ಬೇರು ಯಾವ ಕೋನದಲ್ಲಿ ಇಳೀತಿದೆ, ಎಷ್ಟು ಕವಲು, ಎಷ್ಟು ದಪ್ಪ ಅಂತ ಅಂಕ ಕೊಡೋ ಕ್ರಮ ಮಾಡಿ 2011ರಲ್ಲಿ ಪ್ರಕಟಿಸ್ತು, ಅದಕ್ಕೆ ಶವೆಲೋಮಿಕ್ಸ್ ಅಂತ ಹೆಸರು. ಹೆಸರು ದೊಡ್ಡದು, ಸಾಮಾನು ಮಾತ್ರ ಸನಿಕೆ ನೀರು ಕಣ್ಣು, ಇಷ್ಟೇ.

ಕೆಟ್ಟ ಕಡೆಯ ಬುಡ ತೊಳೆದು ಬಿಳಿ ಗೋಣಿಚೀಲದ ಮೇಲೆ ಹರಡಿದಾಗ ಮೊದ್ಲು ಹುಡುಕಿದ್ದು ಕಚ್ಚಿದ ಗುರುತು. ಹುಳು ತಿಂದಿದ್ರೆ ಬೇರು ಮೊಂಡಾಗಿ ತುಂಡಾಗಿರುತ್ತೆ, ಹುಳಾನೂ ಮಣ್ಣಲ್ಲಿ ಸಿಗುತ್ತೆ. ಎರಡೂ ಇರ್ಲಿಲ್ಲ. ಇದ್ದದ್ದು ಬೇರೆ. ಕೆಳಮುಖ ಹೋಗಬೇಕಾದ ಬೇರುಗಳು ಕಪ್ಪು, ಎರಡು ಬೆರಳಲ್ಲಿ ಹಿಡಿದು ಮೆತ್ತಗೆ ಎಳೆದ್ರೆ ಮೇಲಿನ ಸಿಪ್ಪೆ ಪೂರ್ತಿ ಜಾರಿ ಬೆರಳಿಗೆ ಬಂತು, ಒಳಗಿನ ನಾರು ಮಾತ್ರ ಬುಡದಲ್ಲಿ ನೇತಾಡ್ತಾ ಉಳೀತು. ವಾಸನೆ ಕೊಳೆತ ಮೊಟ್ಟೇದು, ಅದು ಮಣ್ಣಲ್ಲಿ ಗಾಳಿ ಸತ್ತಿದೆ ಅನ್ನೋದಕ್ಕೆ ಮೂಗಿಗೇ ಸಿಗೋ ಸಾಕ್ಷಿ. ಇನ್ನೊಂದು ವಿಷಯ, ಮಣ್ಣಿನ ಮಟ್ಟಕ್ಕೆ ಹತ್ರ ಇರೋ ಗೆಣ್ಣುಗಳಿಂದ ಹೊಸದಾಗಿ ಬೆಳ್ಳಗೆ ದಟ್ಟವಾಗಿ ಬೇರು ಹೊರಟಿತ್ತು, ಕೆಲವಂತೂ ಮೇಲ್ಮುಖ. ಕಬ್ಬು ನೀರು ನಿಂತಾಗ ಮಾಡೋ ಕೆಲಸ ಇದು, ಕೆಳಗೆ ಉಸಿರಾಡೋಕೆ ಆಗದೇ ಮೇಲೆ ಹೊಸ ಬೇರು ಬಿಡುತ್ತೆ, ಅದರೊಳಗೆ ಗಾಳಿ ಓಡಾಡೋ ಟೊಳ್ಳು ಇರುತ್ತೆ.

ದೊಡ್ಡಪ್ಪ ನೋಡಿ, "ಕೊಳ್ತೋಗದಲ್ಲ ಮಗ, ಇನ್ನೇನ್ ನೋಡಾದು, ನೀರ್ ಕಡ್ಮೆ ಬುಡಾವ" ಅಂದ್ರು.

ಅಲ್ಲಿಗೇ ನಿಲ್ಲಿಸೋಕೆ ನನಗೆ ಮನಸ್ಸು ಬರ್ಲಿಲ್ಲ, ಅದಕ್ಕೆ ಎರಡು ಕಾರಣ. ಒಂದು, ಇದು ಕೂಳೆ. ಕಬ್ಬು ಕಡಿದ ಮೇಲೆ ಹಳೇ ಬೇರು ಸ್ವಲ್ಪ ಕಾಲ ಕೆಲಸ ಮಾಡಿ ನಿಧಾನಕ್ಕೆ ಸಾಯುತ್ತೆ, ಹೊಸ ಮೋಸುಗಳು (ಬುಡದಿಂದ ಏಳೋ ಚಿಗುರು) ತಮ್ಮದೇ ಬೇರು ಬಿಟ್ಕೊಳ್ತವೆ, ಹಂಗಾಗಿ ಕೂಳೆ ಬುಡದಲ್ಲಿ ಸತ್ತ ಕಪ್ಪು ಬೇರು ಇರೋದು ಸಹಜ, ಅದೊಂದನ್ನೇ ನೋಡಿ ರೋಗ ಅನ್ನೋಕಾಗಲ್ಲ. ಒಳ್ಳೆ ಕಡೆಯ ಬುಡದಲ್ಲೂ ಕಪ್ಪು ಬೇರು ಇತ್ತು, ಜೊತೆಗೆ ಕಂದು ಬಣ್ಣದ ಗಟ್ಟಿ ಬೇರು, ತುದಿಲಿ ಬಿಳಿ, ಎಳೆದ್ರೆ ಹಿಗ್ಗೋವು, ಅವೂ ಬೇಕಾದಷ್ಟಿದ್ವು. ವ್ಯತ್ಯಾಸ ಇದ್ದದ್ದು ಆ ಜೀವಂತ ಬೇರಲ್ಲಿ. ಎರಡ್ನೇದು ಇನ್ನೂ ಮುಖ್ಯ, ಸನಿಕೆ ಒಂದು ಅಡಿ ಆಳ ಹೋಗುತ್ತೆ, ಕಬ್ಬಿನ ಬೇರು ಅಲ್ಲಿಗೆ ಮುಗಿಯಲ್ಲ. 1930ರ ದಶಕದಲ್ಲಿ ಮಾರಿಷಸ್‌ನಲ್ಲಿ ಇವಾನ್ಸ್ ಅನ್ನೋ ವಿಜ್ಞಾನಿ ಕಬ್ಬಿನ ಬೇರನ್ನ ಅಗೆದು ನೋಡಿ ಮೂರು ಬಗೆ ಅಂತ ಹೇಳಿದ್ರು. ಮೇಲ್ಪದರದಲ್ಲಿ ಹರಡೋ ಸಣ್ಣ ಬೇರು, ಬುಡಕ್ಕೆ ಆಸರೆ ಕೊಡೋ ದಪ್ಪ ಬೇರು, ಮತ್ತೆ ಹುರಿಗೊಂಡು ಹಗ್ಗದಂತೆ ನೆಟ್ಟಗೆ ಇಳಿಯೋ ಆಳದ ಬೇರು, ಈ ಮೂರ್ನೇದು ಐದಾರು ಮೀಟರ್ ತನಕ ಹೋಗಬಹುದು. ಬೇರಿನ ತೂಕದಲ್ಲಿ ಸುಮಾರು ಅರ್ಧ ಮೇಲಿನ 20 ಸೆಂಟಿಮೀಟರ್‌ನಲ್ಲಿ, ಶೇ 85 ಮೇಲಿನ 60 ಸೆಂಟಿಮೀಟರ್‌ನಲ್ಲಿ ಅಂತ ಸಾಮಾನ್ಯವಾಗಿ ಹೇಳ್ತಾರೆ, ಆದ್ರೆ ನೀರು ಕಟ್ಟಾದಾಗ ಬೆಳೆ ಉಳಿಸೋದು ಉಳಿದ ಆ ಸ್ವಲ್ಪ ಬೇರು. ನಮ್ಮ ಪ್ರಶ್ನೆ ಏನು, ಯಾಕೆ ಮೊದ್ಲು ಬಾಡುತ್ತೆ ಅನ್ನೋದು. ಅದರ ಉತ್ತರ ಸನಿಕೆಗೆ ಸಿಗದೇ ಇರೋ ಆಳದಲ್ಲಿತ್ತು.

ಹಂಗಾಗಿ ಗುಂಡಿ. ಕಬ್ಬಿನ ಸಾಲಿಗೆ ಅಡ್ಡಲಾಗಿ, ಬುಡದಿಂದ ಒಂದು ಗೇಣು ದೂರ, ಸುಮಾರು ಮೂರೂವರೆ ಅಡಿ ಆಳ, ಆರಡಿ ಉದ್ದ. ಒಂದು ಕೆಟ್ಟ ಕಡೆ, ಒಂದು ಒಳ್ಳೆ ಕಡೆ. ನಾಲ್ಕಡಿಗಿಂತ ಆಳ ಬೇಡ ಅಂತ ಮೊದ್ಲೇ ಹೇಳಿದ್ದೆ, ಹಸಿ ಮಣ್ಣಿನ ಗೋಡೆ ಕುಸಿದ್ರೆ ಒಳಗೆ ಕೂತು ಬೇರು ಎಣಿಸೋರ ಗತಿ ಏನು. ಈ ಕೆಲಸದ ಹಿರಿಯ ಅಂದ್ರೆ ನೆಬ್ರಾಸ್ಕಾದ ಜಾನ್ ವೀವರ್, 1910 ಮತ್ತು 20ರ ದಶಕದಲ್ಲಿ ಹುಲ್ಲುಗಾವಲಲ್ಲಿ ಮನುಷ್ಯ ಮುಳುಗೋವಷ್ಟು ಆಳದ ಕಂದಕ ತೋಡಿಸಿ, ಒಂದೊಂದೇ ಬೇರನ್ನ ಸಣ್ಣ ಪಿಕಾಸಿಯಿಂದ ಬಿಡಿಸ್ತಾ ಅಳತೆಗೆ ತಕ್ಕಂತೆ ಚಿತ್ರ ಬರೆದವರು, ಆ ಚಿತ್ರಗಳನ್ನ ಇವತ್ತಿಗೂ ಬೇರಿನ ಪಾಠದಲ್ಲಿ ತೋರಿಸ್ತಾರೆ. ನಮಗೆ ಅಷ್ಟು ಬೇಕಿರ್ಲಿಲ್ಲ. ಗೋಡೆ ಮೇಲೆ ಎಲ್ಲೆಲ್ಲಿ ಬೇರು ಇದೆ ಅನ್ನೋ ನಕ್ಷೆ ಸಾಕಿತ್ತು.

ಅದನ್ನ ಮಾಡೋದು ಹೀಗೆ. ಗುಂಡಿಯ ಒಂದು ಗೋಡೇನ ಮಚ್ಚಿನಿಂದ ನುಣ್ಣಗೆ ಕೆತ್ತಬೇಕು, ಹೊರಗೆ ಚಾಚಿದ ಬೇರನ್ನ ಕತ್ತರಿಲಿ ಗೋಡೆ ಸಮಕ್ಕೆ ಕತ್ತರಿಸಬೇಕು. ಆಮೇಲೆ ಔಷಧಿ ಹೊಡೆಯೋ ಬೆನ್ನು ಪಂಪಿಗೆ ಬರೀ ನೀರು ತುಂಬಿ, ಅರ್ಧ ಸೆಂಟಿಮೀಟರ್ ಮಣ್ಣು ಕರಗಿ ಬೀಳೋವಷ್ಟು ಸ್ಪ್ರೇ ಮಾಡಬೇಕು. ಮಣ್ಣು ಹೋಗುತ್ತೆ, ಬೇರಿನ ತುದಿಗಳು ಉಳಿದು ಎದ್ದು ಕಾಣುತ್ತವೆ. ಪಂಪನ್ನ ಮೊದ್ಲು ಚೆನ್ನಾಗಿ ತೊಳೆದುಕೊಳ್ಳಿ, ಅದರಲ್ಲಿ ಕಳೆನಾಶಕ ಉಳಿದಿದ್ರೆ ಮುಖಕ್ಕೇ ಹಾರುತ್ತೆ. ಗೋಡೆಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮೊಳೆ ಹೊಡೆದು ಅಂಟಿಸಿ, ಅದರ ಮೇಲೆ ಮೊದಲೇ 5 ಸೆಂಟಿಮೀಟರ್ ಚೌಕ ಎಳೆದಿಟ್ಟು, ಪ್ರತಿ ಬೇರಿನ ತುದಿಗೂ ಮಾರ್ಕರ್‌ನಲ್ಲಿ ಒಂದು ಚುಕ್ಕಿ. ದಪ್ಪ ಬೇರಿಗೆ ಒಂದು ಬಣ್ಣ, ಸಣ್ಣದಕ್ಕೆ ಇನ್ನೊಂದು. ಬಿಸಿಲು ಏರೋಕೆ ಮುಂಚೆ ಮುಗಿಸಬೇಕು, ಇಲ್ದಿದ್ರೆ ಸಣ್ಣ ಬೇರು ಬಾಡಿ ಮಣ್ಣಿಗೆ ಅಂಟ್ಕೊಂಡು ಕಾಣಲ್ಲ. ಹಾಳೆ ಸುತ್ಕೊಂಡು ಮನೆಗೆ ತಂದ್ರೆ ಎಣಿಸೋದು ಆರಾಮ್.

ಕೆಟ್ಟ ಕಡೆಯ ಗೋಡೆ ನಾನು ಮರೆಯಲ್ಲ. ಮೇಲಿಂದ ಒಂದು ಗೇಣು ತನಕ ಚುಕ್ಕಿ ಇಡೋಕೆ ಜಾಗ ಇಲ್ಲದಷ್ಟು ಬೇರು. ಅಲ್ಲಿಂದ ಕೆಳಗೆ ನಾಲ್ಕು ಬೆರಳು ದಪ್ಪದ ಒಂದು ಪದರ, ಬಣ್ಣ ಬೂದಿ, ಮಧ್ಯೆ ಮಧ್ಯೆ ತುಕ್ಕಿನ ಗೆರೆ, ಮಚ್ಚಿನ ತುದಿ ಚುಚ್ಚಿದ್ರೆ ಇಳಿಯಲ್ಲ. ದಪ್ಪ ಬೇರುಗಳು ಅಲ್ಲಿ ತನಕ ನೆಟ್ಟಗೆ ಬಂದು, ಗೋಡೆ ಸಿಕ್ಕಿದ ಇರುವೆ ಸಾಲು ಪಕ್ಕಕ್ಕೆ ತಿರುಗೋ ಹಾಗೆ ತಿರುಗಿ ಅಡ್ಡಡ್ಡ ಓಡಿದ್ವು. ಒಂದು ಬೇರನ್ನ ಚಾಕು ತುದಿಯಿಂದ ಬಿಡಿಸ್ಕೊಂಡು ಹೋದೆ, ಅದು ಒಂದೂವರೆ ಅಡಿ ಅಡ್ಡ ಹೋಗಿ ಒಂದು ಸಣ್ಣ ಬಿರುಕು ಸಿಕ್ಕಿದ ಕಡೆ ಒಳಗೆ ನುಗ್ಗಿತ್ತು, ಬಿರುಕಿನೊಳಗೆ ದುಂಡಗೆ ಇರದೆ ಚಪ್ಪಟೆ ಆಗಿತ್ತು, ಬೆರಳಲ್ಲಿ ಹಿಡಿದ್ರೆ ತಗಡಿನಷ್ಟು ತೆಳು, ಪದರದ ಅರ್ಧಕ್ಕೆ ಹೋಗಿ ಕಪ್ಪಾಗಿ ನಿಂತಿತ್ತು. ಪದರದ ಕೆಳಗೆ ಮಣ್ಣು ಮತ್ತೆ ಮೆದು, ಕೆಂಪಗೆ, ಹದವಾದ ತೇವ. ಅಷ್ಟು ಒಳ್ಳೆ ಮಣ್ಣಲ್ಲಿ ಚುಕ್ಕಿಗಳೇ ಇಲ್ಲ, ಎರೆಹುಳು ಬಿಲದಲ್ಲಿ ಇಳಿದ ಒಂದೆರಡು ಬೇರು ಬಿಟ್ರೆ.

ಒಳ್ಳೆ ಕಡೆಯ ಗೋಡೇಲಿ ಈ ಪದರ ಇರಲೇ ಇಲ್ಲ. ಚುಕ್ಕಿಗಳು ಮೇಲೆ ದಟ್ಟ, ಕೆಳಗೆ ಹೋಗ್ತಾ ತೆಳು, ಆದ್ರೆ ಗುಂಡಿಯ ತಳದ ತನಕ ಇದ್ವು, ತಳದಿಂದಲೂ ಕೆಳಗೆ ಹೋಗಿದ್ವು.

ಇಲ್ಲಿಗೆ ವಿಚಿತ್ರ ಬಿಡಿಸ್ಕೊಳ್ತು. ಕೆಳಗಿನ ಅರ್ಧದಲ್ಲಿ ನಾಲೆ ನೀರು ಬಂದಾಗ ಆ ಗಟ್ಟಿ ಪದರದ ಮೇಲೆ ನೀರು ನಿಲ್ಲುತ್ತೆ, ಕೆಳಗೆ ಇಳಿಯಲ್ಲ. ನೀರು ತುಂಬಿದ ಮಣ್ಣಲ್ಲಿ ಆಮ್ಲಜನಕ ಗಾಳಿಲಿ ಹರಡೋದಕ್ಕಿಂತ ಸುಮಾರು 10,000 ಪಟ್ಟು ನಿಧಾನ ಹರಡುತ್ತೆ, ಇದ್ದ ಬೇರೂ ಉಸಿರುಗಟ್ಟಿ ಕೊಳೆಯುತ್ತೆ. ಆಮೇಲೆ ನಾಲೇಲಿ ನೀರು ಬರೋದು ನಿಂತಾಗ ಕಬ್ಬಿಗೆ ಕುಡಿಯೋಕೆ ಇರೋದು ಮೇಲಿನ ಒಂದು ಗೇಣು ಮಣ್ಣಿನ ನೀರು ಮಾತ್ರ, ಅದು ನಾಲ್ಕು ಬಿಸಿಲಿಗೆ ಖಾಲಿ. ಕೆಳಗೆ ತೇವ ಇದೆ, ತಲುಪೋ ಬೇರಿಲ್ಲ. ಮೇಲಿನ ಅರ್ಧಕ್ಕೆ ಮೂರಡಿ ಮಣ್ಣಿನ ನೀರು ಸಿಗ್ತಿತ್ತು. ಮಳೆಗೆ ಮಲಗ್ತಿದ್ದದ್ದೂ ಇದಕ್ಕೇ, ಆಸರೆ ಬೇರು ಆಳಕ್ಕೆ ಇಳಿದೇ ಇರ್ಲಿಲ್ಲ.

ಆದ್ರೆ ಒಂದೇ ಗದ್ದೇಲಿ ಅರ್ಧಕ್ಕೆ ಪದರ ಇದೆ ಅರ್ಧಕ್ಕೆ ಇಲ್ಲ, ಅದು ಹೆಂಗೆ ಅಂತ ಕೇಳ್ದಾಗ ದೊಡ್ಡಪ್ಪ ಗುಂಡಿ ಅಂಚಲ್ಲಿ ಕೂತು ಸ್ವಲ್ಪ ಹೊತ್ತು ನೋಡಿ ಹೇಳಿದ್ರು: "ಇಲ್ಲೊಂದು ಬದ ಇತ್ತು ಕಣ್ ಮಗ, ಜೆಸಿಬಿ ತಂದು ಮಟ್ಟ ಮಾಡುಸ್ದಾಗ ಎತ್ಬುಟ್ವಿ. ಮ್ಯಾಕ್ಕಡೆ ನಿಮ್ಮಜ್ಜನ ಕಾಲ್ದಿಂದ ಕಡ್ಡಿ ತೋಟ, ರೇಸ್ಮೆಗೆ. ಕೆಳಿಕ್ಕಡೆ ನಾಲೆ ಬಂದಾಗ್ನಿಂದ ಭತ್ತ. ಈ ಗಟ್ಟಿ ಇರ್ಲಿ ಅಂತ್ಲೇ ನಮ್ಮಪ್ಪ ಕೆಸ್ರು ತುಳ್ಸೋರು, ನೀರ್ ನಿಂತ್ರೆ ತಾನೇ ಭತ್ತ ಆಗಾದು." ಕಡ್ಡಿ ತೋಟ ಅಂದ್ರೆ ಹಿಪ್ಪುನೇರಳೆ. ಹಳದಿ ಶುರು ಆಗೋ ಗೆರೇನ ಹೆಜ್ಜೆಲಿ ಅಳೆದು ನೋಡಿದ್ವಿ, ಅವರು ತೋರಿಸಿದ ಹಳೇ ಬದುವಿನ ಗೆರೆಗೆ ಸರಿಯಾಗಿ ಕೂತಿತ್ತು.

ಈ ಮಾತಿನ ಹಿಂದೆ ಮಂಡ್ಯದ ಇತಿಹಾಸಾನೇ ಇದೆ. ಕನ್ನಂಬಾಡಿ ಕಟ್ಟೆ ನೀರು 1930ರ ದಶಕದಲ್ಲಿ ಆಗ ಇರ್ವಿನ್ ನಾಲೆ ಅಂತಿದ್ದ ಈಗಿನ ವಿಶ್ವೇಶ್ವರಯ್ಯ ನಾಲೇಲಿ ಈ ಬಯಲಿಗೆ ಬಂತು, 1933ರಲ್ಲಿ ಸಕ್ಕರೆ ಕಾರ್ಖಾನೆ ಆಯ್ತು, ಅಲ್ಲಿಂದ ರಾಗಿ ಹೊಲ ಇದ್ದ ಜಾಗ ಭತ್ತ, ಕಬ್ಬು ಆಗಿದ್ದು. ಭತ್ತಕ್ಕೆ ಕೆಸರು ಹೊಡೆದೂ ಹೊಡೆದೂ, ಮೊದ್ಲು ಎತ್ತಿನ ಕಾಲು, ಆಮೇಲೆ ಟ್ರ್ಯಾಕ್ಟರ್‌ಗೆ ಕೆಸರಲ್ಲಿ ಹಾಕೋ ಕಬ್ಬಿಣದ ಕೇಜ್ ವೀಲು, ನೇಗಿಲು ಇಳಿಯೋ ಆಳದ ಕೆಳಗೆ ಮಣ್ಣು ಒತ್ತಿ ಒತ್ತಿ ಗಟ್ಟಿ ಆಗುತ್ತೆ. ಭತ್ತಕ್ಕೆ ಅದು ಆಸ್ತಿ, ನೀರು ಉಳಿಸುತ್ತೆ. ಅದೇ ಜಾಗಕ್ಕೆ ಕಬ್ಬು ಬಂದಾಗ ಆ ಆಸ್ತಿನೇ ಅಡ್ಡಿ. ರೋಟವೇಟರ್ ಹೊಡೆದ್ರೆ ಮೇಲಿನ ನಾಲ್ಕೈದು ಇಂಚು ಪುಡಿ ಆಗಿ ಹೂವಿನಂಗೆ ಕಾಣುತ್ತೆ, ಅದರ ಅಡಿಗಿನ ಪದರಕ್ಕೆ ಅದು ಮುಟ್ಟೋದೇ ಇಲ್ಲ. ನಾಟಿ ಕಬ್ಬು ಮೊದಲ ವರ್ಷ ಪರವಾಗಿಲ್ಲ ಅನ್ನೋ ಹಾಗೆ ಬಂದಿದ್ದಕ್ಕೆ ಆ ವರ್ಷ ನಾಟಿಗೆ ಸಾಲು ಚಾನಲ್ ತೆಗೆದು ಮಣ್ಣು ಆಳಕ್ಕೆ ಸಡಿಲ ಆಗಿದ್ದು, ಗೊಬ್ಬರ ಚೆನ್ನಾಗಿ ಕೊಟ್ಟಿದ್ದು ಕಾರಣ ಇರಬೇಕು ಅಂತ ನನ್ನ ಅಂದಾಜು, ಕೂಳೆ ಮೇಲೆ ಕೂಳೆ ಬಂದಾಗ ನಿಜ ಹೊರಬಿತ್ತು.

ಗುಂಡಿ ನೋಡಿದ್ದು ಎರಡೇ ಜಾಗ. ಗದ್ದೆ ಪೂರ್ತಿ ಹಿಂಗೇನಾ ಅಂತ ತಿಳೀಬೇಕು, ಗದ್ದೆ ತುಂಬ ಗುಂಡಿ ತೋಡಿದ್ರೆ ಕಬ್ಬೇ ಉಳಿಯಲ್ಲ. ಅದಕ್ಕೆ ಎರಡು ಸಣ್ಣ ಕೆಲಸ ಮಾಡಿದ್ವಿ. ಒಂದು, ಕಬ್ಬಿಣದ ಸರಳು. ನೀರು ಕಟ್ಟಿ ಎರಡು ದಿನ ಬಿಟ್ಟು ಮಣ್ಣು ಹದಕ್ಕೆ ಬಂದಾಗ ಸಾಲು ಸಾಲಾಗಿ ಸರಳು ಒತ್ತಿ ನೋಡೋದು, ಎಲ್ಲಿ ತಡೆಯುತ್ತೋ ಅಲ್ಲಿಗೆ ಬೆರಳಿಟ್ಟು ಆಳ ಅಳೆಯೋದು. ಒಣಗಿದಾಗ ಮಾಡಿದ್ರೆ ಎಲ್ಲ ಮಣ್ಣೂ ಗಟ್ಟಿನೇ, ಏನೂ ತಿಳಿಯಲ್ಲ. ಪೆನೆಟ್ರೋಮೀಟರ್ ಅಂತ ಉಪಕರಣ ಇದ್ರೆ ತಡೆ ಎಷ್ಟು ಅಂತ ಅಂಕಿನೇ ಬರುತ್ತೆ, ಸುಮಾರು 2 ಮೆಗಾಪ್ಯಾಸ್ಕಲ್ (ಒತ್ತಡದ ಅಳತೆ) ದಾಟಿದ್ರೆ ಬಹುತೇಕ ಬೆಳೆಗಳ ಬೇರು ಮುಂದೆ ಹೋಗೋದು ತೀರಾ ಕಷ್ಟ. ಸರಳು ಅಂಕಿ ಕೊಡಲ್ಲ, ಆದ್ರೆ ಹಳೇ ಬದುವಿನ ಕೆಳಗೆ ಎಲ್ಲಾ ಕಡೆ ಒಂದು ಗೇಣಿನ ಆಸುಪಾಸಲ್ಲೇ ನಿಂತಿತು, ಮೇಲೆ ನಿಲ್ಲಲಿಲ್ಲ. ನಮಗೆ ಬೇಕಾಗಿದ್ದು ಅದೇ.

ಎರಡ್ನೇದು ಮಣ್ಣಿನ ಕೊಳವೆ ಮಾದರಿ. ಕಬ್ಬಿಣದ ಪೈಪಿನ ಬಾಯಿ ಚೂಪು ಮಾಡಿಸಿ, ಸುತ್ತಿಗೆಲಿ ಹೊಡೆದು ಇಳಿಸಿ, 15 ಸೆಂಟಿಮೀಟರ್‌ಗೊಂದು ತುಂಡು ತೆಗೆಯೋದು, ಬುಡದ ಪಕ್ಕ ಒಂದು, ಎರಡು ಸಾಲಿನ ಮಧ್ಯೆ ಒಂದು. ಪ್ರತಿ ತುಂಡನ್ನೂ ಬೇರೆ ಬಕೆಟ್‌ಲಿ ನೆನೆಹಾಕಿ, ಕಲಸಿ, ತೇಲಿದ್ದನ್ನ ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಗೆ ಸುರಿಯೋದು, ಮತ್ತೆ ನೀರು, ಮತ್ತೆ ಸುರಿಯೋದು. ಜೇಡಿ ಮಣ್ಣು ಬಿಡಿಸ್ಕೊಳ್ಳಲ್ಲ ಅಂದ್ರೆ ಲ್ಯಾಬಲ್ಲಿ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಹಾಕ್ತಾರೆ. ಆಮೇಲೆ ನಿಜವಾದ ಸಹನೆ ಪರೀಕ್ಷೆ, ಚಿಮಟಿಗೆ ಹಿಡ್ಕೊಂಡು ಕಬ್ಬಿನ ಬೇರು ಯಾವುದು, ಗರಿಕೆ ಬೇರು ಯಾವುದು, ಹಳೇ ತರಗಿನ ನಾರು ಯಾವುದು, ಬದುಕಿರೋದು ಯಾವುದು ಸತ್ತಿರೋದು ಯಾವುದು ಅಂತ ಬೇರ್ಪಡಿಸೋದು. ಮಣ್ಣು ತೆಗೆಯೋಕೆ ಹೋಗೋ ಸಮಯದ ಎಷ್ಟೋ ಪಟ್ಟು ಇದಕ್ಕೇ ಹೋಗುತ್ತೆ. ಅವತ್ತೇ ಆಗ್ಲಿಲ್ಲ ಅಂದ್ರೆ ಫ್ರಿಜ್‌ನಲ್ಲಿ ಇಡಬೇಕು, ಹೊರಗೆ ಬಿಟ್ರೆ ಬೇರು ಕೊಳೆತು ಬದುಕಿದ್ದೂ ಸತ್ತಿದ್ದೂ ಒಂದೇ ಆಗುತ್ತೆ.

ಬೇರಿನ ಉದ್ದ ಅಳೆಯೋಕೆ ಸ್ಕೇಲ್ ಹಿಡೀಬೇಕಿಲ್ಲ, ಇದು ನನಗೆ ಈ ವಿದ್ಯೆಲಿ ತುಂಬಾ ಇಷ್ಟವಾದ ಭಾಗ. 1966ರಲ್ಲಿ ನ್ಯೂಮನ್ ಅನ್ನೋರು ತೋರಿಸಿದ್ರು, ಬೇರನ್ನ ತಟ್ಟೇಲಿ ಹರಡಿ ಗೆರೆ ಎಳೆದ್ರೆ ಗೆರೆಗಳನ್ನ ಬೇರು ಎಷ್ಟು ಸಲ ದಾಟುತ್ತೆ ಅನ್ನೋದರಿಂದ ಉದ್ದ ಲೆಕ್ಕ ಹಾಕಬಹುದು ಅಂತ. 1975ರಲ್ಲಿ ಟೆನೆಂಟ್ ಅದನ್ನ ಇನ್ನೂ ಸುಲಭ ಮಾಡಿದ್ರು, ಚೌಕದ ಗೆರೆ ಹಾಕಿ, ದಾಟಿದ ಸಂಖ್ಯೇನ ಚೌಕದ ಅಳತೆಯಿಂದ ಗುಣಿಸಿ, ಅದನ್ನ 11/14ರಿಂದ ಗುಣಿಸಿದ್ರೆ ಉದ್ದ. ಉದಾಹರಣೆಗೆ 1 ಸೆಂಟಿಮೀಟರ್ ಚೌಕದಲ್ಲಿ 140 ಸಲ ದಾಟಿದ್ರೆ ಬೇರಿನ ಉದ್ದ 110 ಸೆಂಟಿಮೀಟರ್. ಆ ಮಣ್ಣಿನ ತುಂಡು 500 ಘನ ಸೆಂಟಿಮೀಟರ್ ಇದ್ರೆ, ಒಂದು ಘನ ಸೆಂಟಿಮೀಟರ್ ಮಣ್ಣಿಗೆ 0.22 ಸೆಂಟಿಮೀಟರ್ ಬೇರು. ಗಾಜಿನ ಟ್ರೇ ಕೆಳಗೆ ಗ್ರಾಫ್ ಹಾಳೆ ಇಟ್ರೆ ಸಾಕು, ಹೈಸ್ಕೂಲ್ ಮಕ್ಕಳೂ ಎಣಿಸ್ತಾರೆ, ನಮ್ಮಲ್ಲಿ ಎಣಿಸಿದ್ದು ದೊಡ್ಡಪ್ಪನ ಮೊಮ್ಮಗಳೇ. ಈಗ ಸ್ಕ್ಯಾನರ್‌ಗೆ ಹಾಕಿದ್ರೆ ಸಾಫ್ಟ್‌ವೇರೇ ಉದ್ದ, ದಪ್ಪ ಎಲ್ಲ ಹೇಳುತ್ತೆ, ಆದ್ರೆ ಬೇರ್ಪಡಿಸೋದು ಸರಿ ಇಲ್ಲದಿದ್ರೆ ಸಾಫ್ಟ್‌ವೇರು ಹುಲ್ಲಿನ ಉದ್ದಾನೂ ಕೂಡಿಸುತ್ತೆ. ಕೊಳವೆಯ ಲೆಕ್ಕ ಗುಂಡಿ ಗೋಡೆ ಹೇಳಿದ್ದನ್ನೇ ಹೇಳ್ತು. ಕೆಟ್ಟ ಕಡೆ 30 ಸೆಂಟಿಮೀಟರ್ ಕೆಳಗಿನ ತುಂಡುಗಳು ಹೆಚ್ಚುಕಮ್ಮಿ ಖಾಲಿ.

ಹಿಂಗೆ ತೊಳೆದಾಗ ಎಷ್ಟು ಕಳ್ಕೊಳ್ತೀವಿ ಅನ್ನೋದೂ ಗೊತ್ತಿರಬೇಕು. 1937ರಲ್ಲಿ ಡಿಟ್ಮರ್ ಅನ್ನೋ ಅಮೆರಿಕದ ಸಸ್ಯಶಾಸ್ತ್ರಜ್ಞ ಪೆಟ್ಟಿಗೇಲಿ ನಾಲ್ಕು ತಿಂಗಳು ಬೆಳೆಸಿದ ಒಂದೇ ಒಂದು ರೈ (ಗೋಧಿ ಜಾತಿಯ ಧಾನ್ಯ) ಗಿಡದ ಬೇರು ಲೆಕ್ಕ ಹಾಕಿದ್ರು, ಸುಮಾರು 1.38 ಕೋಟಿ ಬೇರು, ಒಟ್ಟು ಉದ್ದ 620 ಕಿಲೋಮೀಟರ್ ದಾಟುತ್ತೆ. ಅದರ ಮೇಲಿನ ಬೇರುಗೂದಲು ಸುಮಾರು 1,400 ಕೋಟಿ, ಅವುಗಳ ಉದ್ದ 10,000 ಕಿಲೋಮೀಟರ್ ಮೇಲೆ. ಗಿಡಕ್ಕೆ ಹೀರೋಕೆ ನೆರವಾಗೋ ಆ ಕೂದಲು ಜರಡಿಗೆ ಸಿಗಲ್ಲ. ಅದಕ್ಕೇ ನಮ್ಮ ಅಂಕಿ ಇಟ್ಕೊಂಡು ಕಬ್ಬಿಗೆ ಇಷ್ಟೇ ಬೇರು ಅಂತ ಹೇಳೋ ಹಾಗಿಲ್ಲ. ಒಂದೇ ಜರಡಿ, ಒಂದೇ ಕೈ, ಒಂದೇ ದಿನ, ಎರಡು ಜಾಗ, ಹೋಲಿಸೋಕೆ ಮಾತ್ರ ಅದು.

ಸ್ನೇಹಿತರೊಬ್ರು ಕೇಳಿದ್ರು, ಈಗಿನ ಕಾಲದಲ್ಲೂ ಅಗೆಯೋದೇನಾ, ಕ್ಯಾಮೆರಾ ಸ್ಕ್ಯಾನು ಎಲ್ಲ ಇದೆಯಲ್ಲ ಅಂತ. ಇದೆ. ಮಿನಿರೈಜೋಟ್ರಾನ್ ಅಂತ ಪಾರದರ್ಶಕ ಕೊಳವೇನ ಓರೆಯಾಗಿ, ಸಾಮಾನ್ಯವಾಗಿ 45 ಡಿಗ್ರಿಲಿ ಮಣ್ಣಲ್ಲಿ ಹೂತು ಒಳಗೆ ಕ್ಯಾಮೆರಾ ಇಳಿಸಿ ಅದೇ ಬೇರನ್ನ ವಾರ ವಾರ ನೋಡಬಹುದು, ಗಾಜಿನ ಕೊಳವೆ ಹೂತು ನೋಡೋ ಪ್ರಯತ್ನ 1937ರಲ್ಲೇ ಬೇಟ್ಸ್ ಮಾಡಿದ್ರು. ಬೇರು ಯಾವಾಗ ಹುಟ್ತು ಯಾವಾಗ ಸತ್ತಿತು ಅನ್ನೋ ಪ್ರಶ್ನೆಗೆ ಅದರಷ್ಟು ಒಳ್ಳೆ ವಿಧಾನ ಇನ್ನೊಂದಿಲ್ಲ, ಗುಂಡಿ ತೋಡಿದ ಬುಡಾನ ಮತ್ತೆ ನೋಡೋಕಾಗಲ್ಲ ಅಲ್ವಾ. ಆದ್ರೆ ಹೂತ ಮೇಲೆ ಮಣ್ಣು ಕೂರೋಕೆ ತಿಂಗಳುಗಟ್ಟಲೆ ಕಾಯಬೇಕು, ಒಣಗಿದಾಗ ಬಿರಿಯೋ ಮಣ್ಣಲ್ಲಿ ಕೊಳವೆ ಸುತ್ತ ಸಂದು ಬಿಟ್ಟು ಬೇರು ಅದರ ಗುಂಟನೇ ಇಳಿದುಬಿಡುತ್ತೆ, ಗಟ್ಟಿ ಪದರ ಇರೋ ನಮ್ಮ ಗದ್ದೇಲಿ ಅದು ಬೇರಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ, ಇಲ್ಲದ ಆಳದ ಬೇರು ಇದೆ ಅಂತ ತೋರಿಸುತ್ತೆ. ಎಕ್ಸ್‌ರೇ ಸಿಟಿ ಸ್ಕ್ಯಾನ್‌ನಲ್ಲಿ ಕುಂಡದ ಮಣ್ಣೊಳಗಿನ ಬೇರು ಮೂರು ಆಯಾಮದಲ್ಲಿ ಕಾಣುತ್ತೆ, ಗದ್ದೇನ ಯಂತ್ರದೊಳಗೆ ಇಡೋಕಾಗಲ್ಲ. ನೆಲ ತೂರುವ ರೇಡಾರ್ ಮರದ ದಪ್ಪ ಬೇರಿಗೆ ಸರಿ, ಕಬ್ಬಿನ ಸಣ್ಣ ಬೇರು ಅದಕ್ಕೆ ಕಾಣಲ್ಲ, ಹಸಿ ಜೇಡಿಲಿ ಅದರ ಅಲೆ ಆಳಕ್ಕೂ ಹೋಗಲ್ಲ. ಇನ್ನು ರಂಜಕ 32 ಅನ್ನೋ ವಿಕಿರಣ ಐಸೋಟೋಪನ್ನ ಬೇರೆ ಬೇರೆ ಆಳಕ್ಕೆ ಹಾಕಿ ಗರಿಗೆ ಎಷ್ಟು ಬಂತು ಅಂತ ಅಳೆದ್ರೆ ಯಾವ ಆಳದ ಬೇರು ನಿಜವಾಗ್ಲೂ ಕೆಲಸ ಮಾಡ್ತಿದೆ ಅಂತ ಗೊತ್ತಾಗುತ್ತೆ, ಅದರ ಅರ್ಧಾಯು 14 ದಿನದ ಆಸುಪಾಸು, ಪರವಾನಗಿ ಇರೋ ಸಂಸ್ಥೆಗಳ ಕೆಲಸ ಅದು, ರೈತರ ಗದ್ದೇದಲ್ಲ. ಇವೆಲ್ಲ ಒಂದೊಂದು ಪ್ರಶ್ನೆಗೆ ಒಂದೊಂದು. ನಮ್ಮ ಪ್ರಶ್ನೆ ಬೇರು ಎಲ್ಲಿ ತನಕ ಹೋಗಿದೆ, ಯಾಕೆ ನಿಂತಿದೆ ಅನ್ನೋದು, ಅದಕ್ಕೆ ಗುಂಡಿ ಗೋಡೆನ ಮೀರಿಸಿದ್ದು ಇಲ್ಲ, ಯಾಕಂದ್ರೆ ಬೇರಿನ ಜೊತೆ ಮಣ್ಣೂ ಒಂದೇ ನೋಟಕ್ಕೆ ಸಿಗುತ್ತೆ. ಸಿಟಿ ಸ್ಕ್ಯಾನಲ್ಲಿ ಕೊಳೆತ ಮೊಟ್ಟೆ ವಾಸನೆ ಬರಲ್ಲ.

ಮಾಡಿದ ಪರಿಹಾರ ಚಿಕ್ಕದಾಗಿ ಹೇಳ್ತೀನಿ. ಔಷಧಿ ಬಾಟ್ಲು ಅಂಗಡಿಲೇ ಉಳೀತು. ಆ ಕೂಳೆಗೆ ಕೆಳಗಿನ ಬದುವಿನ ಗುಂಟ ಬಸಿಗಾಲುವೆ ತೆಗೆದ್ವಿ, ಪದರದ ಆಳಕ್ಕಿಂತ ಸ್ವಲ್ಪ ಕೆಳಗೇ ಹೋಗೋ ಹಾಗೆ, ನಿಂತ ನೀರು ಹಳ್ಳಕ್ಕೆ ಹರಿಯೋಕೆ ಶುರು ಆಯ್ತು. ಆಗಲೇ ಟ್ರ್ಯಾಕ್ಟರ್ ತಂದು ಸೀಳಿಸಿಬಿಡೋಣ ಅಂತ ಮನೇಲಿ ಒತ್ತಾಯ ಇತ್ತು, ನಾನು ಬೇಡ ಅಂದೆ, ಹಸಿ ಇರುವಾಗ ಸಬ್‌ಸಾಯ್ಲರ್ (ಆಳದ ಮಣ್ಣು ಸೀಳೋ ಉದ್ದ ಹಲ್ಲಿನ ನೇಗಿಲು) ಎಳೆದ್ರೆ ಪದರ ಒಡೆಯಲ್ಲ, ಮೇಣ ಸವರಿದಂಗೆ ಇನ್ನೂ ನುಣ್ಣಗಾಗುತ್ತೆ, ಮೇಲಿಂದ ಟ್ರ್ಯಾಕ್ಟರ್ ಭಾರ ಬೇರೆ. ಕೂಳೆ ಕಡಿದು, ನೀರು ಬಿಡೋದು ನಿಲ್ಲಿಸಿ, ಬೇಸಿಗೇಲಿ ಆ ಪದರ ಒಣಗಿ ಕೈಲಿ ಮುರಿದ್ರೆ ಹೆಂಟೆಯಾಗಿ ಒಡೆಯೋ ತನಕ ಕಾದ್ವಿ, ಒಣಗಿದೆಯಾ ಅಂತ ನೋಡೋಕೆ ಮತ್ತೆ ಅದೇ ಗುಂಡಿ ಬೇಕಾಯ್ತು. ಸಬ್‌ಸಾಯ್ಲರ್ ಒಂದೂವರೆ ಅಡಿ ಆಳಕ್ಕೆ ಎಳೆಸಿ, ಮೇಲೆ ಹಸಿರೆಲೆ ಗೊಬ್ಬರಕ್ಕೆ ಅಪ್ಸೆಣಬು ಚೆಲ್ಲಿ ಹೂವಾಡೋ ಹೊತ್ತಿಗೆ ಮಗುಚಿ, ಆಮೇಲೆ ಕಬ್ಬು ನಾಟಿ. ಮಧ್ಯೆ ಒಂದು ಪಟ್ಟೇನ ಬೇಕಂತಲೇ ಸೀಳಿಸದೆ ಬಿಟ್ವಿ. ಬಸಿಗಾಲುವೆಯಿಂದ ಸರಿಯಾಯ್ತಾ, ಸೀಳಿಸಿದ್ದರಿಂದ ಸರಿಯಾಯ್ತಾ ಅಂತ ಆಮೇಲೆ ತಿಳಿಯೋಕೆ ಬೇರೆ ದಾರಿ ಇಲ್ಲ. "ಅಷ್ಟ್ ಜಾಗ ಯಾಕ್ ಹಾಳ್ ಮಾಡೀಯೆ ಮಗ" ಅಂತ ದೊಡ್ಡಮ್ಮ ಬೈದ್ರು, ಆದ್ರೂ ಬಿಟ್ರು.

ನಾಟಿ ಕಬ್ಬು ಎದೆಮಟ್ಟ ಬಂದಾಗ ಮತ್ತೆ ಗೋಡೆ ಕೆತ್ತಿ ಹಾಳೆ ಅಂಟಿಸಿದ್ವಿ. ಸೀಳಿಸದ ಪಟ್ಟೇಲಿ ಬೇರು ಕೊಳೆತಿರ್ಲಿಲ್ಲ, ಬೆಳ್ಳಗೆ ಕಂದಾಗಿ ಬದುಕಿದ್ವು, ಆದ್ರೆ ಪದರದ ಮೇಲೇ ನಿಂತಿದ್ವು. ಅಂದ್ರೆ ಬಸಿಗಾಲುವೆ ಉಸಿರು ಕೊಟ್ಟಿದೆ, ಆಳ ಕೊಟ್ಟಿಲ್ಲ. ಸೀಳಿಸಿದ ಕಡೆ ಸಬ್‌ಸಾಯ್ಲರ್ ಹಲ್ಲು ಹೋದ ಗೆರೆ ಗುಂಟ ಚುಕ್ಕಿಗಳು ಎರಡೂವರೆ ಅಡಿ ತನಕ ಇಳಿದಿದ್ವು, ಎರಡು ಗೆರೆ ಮಧ್ಯೆ ಪದರ ಇನ್ನೂ ಹಂಗೇ ಇತ್ತು, ಅಲ್ಲಿ ಒಂದೆರಡು ಕಡೆ ಸೆಣಬಿನ ಹಳೇ ಬೇರಿನ ತೂತಲ್ಲಿ ಕಬ್ಬಿನ ಬೇರು ಇಳಿದಿದ್ದು ಕಾಣ್ತು. ನಾಲೆ ಕಟ್ಟಾದ ದಿನಗಳಲ್ಲಿ ಗರಿ ಸುತ್ತಿದ್ದು ಬಿಟ್ಟ ಪಟ್ಟೇಲಿ ಮೊದ್ಲು, ಸೀಳಿಸಿದ ಕಡೆ ತಡವಾಗಿ, ಮೇಲಿನ ಕಡ್ಡಿ ತೋಟದ ಜಾಗದಲ್ಲಿ ಎಲ್ಲದಕ್ಕಿಂತ ತಡವಾಗಿ.

ದೊಡ್ಡಪ್ಪ ಈಗ ತೀರ್ಮಾನ ಮಾಡಿರೋದು ಏನಂದ್ರೆ, ತೀರಾ ಕೆಳಗಿನ ಹತ್ತು ಗುಂಟೆ, ಪಕ್ಕದ ಗದ್ದೆ ಬಸಿನೀರೂ ಅಲ್ಲಿಗೇ ಬರೋದ್ರಿಂದ, ಪದರ ಒಡೆಯದೆ ಮುಂದಿನ ಸಲದಿಂದ ಭತ್ತಕ್ಕೇ ಬಿಡೋದು, ಉಳಿದಿದ್ದಕ್ಕೆ ಹಳೇ ಗೆರೆಗಳ ಮಧ್ಯೆ ಬರೋ ಹಾಗೆ ಇನ್ನೊಂದು ಸಲ ಸಬ್‌ಸಾಯ್ಲರ್ ಎಳೆಸೋದು. ಎಳೆಸೋ ಮುಂಚೆ ಗುಂಡಿ ತೋಡಿ ಮಣ್ಣು ಮುರಿದು ನೋಡೋದನ್ನ ಈಗ ಅವರೇ ಮಾಡ್ತಾರೆ. ಪಕ್ಕದ ಗದ್ದೆಯಣ್ಣ ಸರಳು ಕೇಳ್ಕೊಂಡು ಹೋಗಿದಾರೆ, ಅವರ ಗದ್ದೇಲಿ ಅದು ಮುಕ್ಕಾಲು ಗೇಣಿಗೇ ನಿಲ್ತಿದೆಯಂತೆ.